ಹೊಸ ಉಪ್ಪುನೀರಿನ ಅಕ್ವೇರಿಯಂನಲ್ಲಿ ಒಣಕಲ್ಲನ್ನು ಪಳಗಿಸುವ ಕ್ರಮ

ಉಪ್ಪುನೀರಿನ ಅಕ್ವೇರಿಯಂ ಕಟ್ಟಲು ಹೊರಟವರೆಲ್ಲರೂ ಮೊದಲು ಕೇಳುವುದು, ಮೀನನ್ನು ಯಾವ ದಿನ ಬಿಡಬಹುದು ಎಂದು. ಒಣಕಲ್ಲಿನಿಂದ ಆರಂಭಿಸಿದ ತೊಟ್ಟಿಯಲ್ಲಿ ಈ ಒಂದು ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ನೀರಿಗೆ ಸೇರುವ ಅಮೋನಿಯಾವನ್ನು ತೊಟ್ಟಿ ತಾನಾಗಿ ಅರಗಿಸಿಕೊಳ್ಳುವ ಶಕ್ತಿ ಯಾವಾಗ ಬರುತ್ತದೆ ಎಂಬುದು ಮೊದಲನೆಯದು. ಕ್ರಮವಾಗಿ ಮಾಡಿದರೆ ಅದಕ್ಕೆ ಎರಡರಿಂದ ಆರು ವಾರ ಸಾಕು. ಕಲ್ಲಿನ ಮೈಮೇಲೆ ಬ್ಯಾಕ್ಟೀರಿಯಾ, ಪಾಚಿ, ಸಣ್ಣ ಹುಳು, ಕಣ್ಣಿಗೆ ಕಾಣದ ಜೀವಿಗಳೆಲ್ಲ ನೆಲೆಯೂರಿ ಒಂದು ಸಮತೋಲನಕ್ಕೆ ಯಾವಾಗ ಬರುತ್ತವೆ ಎಂಬುದು ಎರಡನೆಯದು. ಅದಕ್ಕೆ ಆರು ತಿಂಗಳು, ಕೆಲವೊಮ್ಮೆ ಒಂದು ವರ್ಷವೇ ಬೇಕಾಗುತ್ತದೆ. ಹವ್ಯಾಸಿಗಳು ‘ಟ್ಯಾಂಕ್ ಸೈಕಲ್ ಆಯಿತು’ ಎಂದು ಹೇಳುವಾಗ ಮೊದಲನೆಯದು ಮಾತ್ರ ಮುಗಿದಿರುತ್ತದೆ. ಎರಡೂ ಮುಗಿದವೆಂದು ತಿಳಿದು ಒಂದೇ ತಿಂಗಳಿನಲ್ಲಿ ಮೀನು, ಹವಳಗಳನ್ನೆಲ್ಲ ತುಂಬಿಸಿದವರ ತೊಟ್ಟಿಗಳೇ ಮೂರನೆಯ ತಿಂಗಳಿನಲ್ಲಿ ಪಾಚಿ ಕವಿದು ಸೋಲುತ್ತವೆ. ಈ ಎರಡು ಹಂತಗಳನ್ನು ಬೇರೆಬೇರೆಯಾಗಿಯೇ ಕಾಣಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಮುಂದಿನ ವಿವರಗಳೆಲ್ಲ ಆ ನೆಲೆಯಿಂದಲೇ ಹೊರಡುತ್ತವೆ.

ಒಣಕಲ್ಲು ಏಕೆ

ಅಂಗಡಿಗಳಲ್ಲಿ ಡ್ರೈ ರಾಕ್ ಎಂದು ಮಾರುವುದು ಎರಡು ಬಗೆಯದು. ಒಂದು, ಬಹಳ ಹಿಂದೆ ಸಮುದ್ರದ ಅಡಿಯಲ್ಲಿದ್ದು ಈಗ ನೆಲದಿಂದ ಅಗೆದು ತೆಗೆಯುವ ಅರಗೊನೈಟ್ ಸುಣ್ಣಕಲ್ಲು. ಇನ್ನೊಂದು, ಸಿಮೆಂಟ್ ಅಥವಾ ಸೆರಾಮಿಕ್‌ನಿಂದ ಮನುಷ್ಯರು ತಯಾರಿಸಿದ ರಂಧ್ರಮಯ ಕಲ್ಲು. ಎರಡರಲ್ಲೂ ಜೀವವಿಲ್ಲ. ಇದಕ್ಕೆ ವಿರುದ್ಧವಾಗಿ, ಸಮುದ್ರದಿಂದ ಒದ್ದೆಯಾಗಿಯೇ ತಂದ ಲೈವ್ ರಾಕ್ ತನ್ನೊಡನೆ ಒಂದು ಸಣ್ಣ ಸಮುದ್ರವನ್ನೇ ಹೊತ್ತು ತರುತ್ತದೆ.

ಭಾರತದಲ್ಲಿರುವ ನಮಗೆ ಈ ಆಯ್ಕೆ ರುಚಿಗಷ್ಟೇ ಸಂಬಂಧಿಸಿದ್ದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳು ಸೇರಿದವು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದಿಂದಾಗಲಿ, ಲಕ್ಷದ್ವೀಪದಿಂದಾಗಲಿ, ಮನ್ನಾರ್ ಕೊಲ್ಲಿಯಿಂದಾಗಲಿ ಹವಳದ ತುಂಡನ್ನು ತರುವುದು ಅಪರಾಧ. ಅದು ಸತ್ತು ಒಣಗಿದ ಅಸ್ಥಿಯಾಗಿದ್ದರೂ ಅಷ್ಟೇ. ಆದ್ದರಿಂದ ಮೂಲ ಗೊತ್ತಿಲ್ಲದ ‘ಹವಳದ ಕಲ್ಲು’ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ. ತಯಾರಿಸಿದ ಕಲ್ಲು, ಅಥವಾ ಗಣಿಯಿಂದ ಬಂದದ್ದೆಂದು ಬಿಲ್ಲು ಇರುವ ಕಲ್ಲು, ಇವೆರಡನ್ನೇ ಆರಿಸಿಕೊಳ್ಳಿ. ಒಣಕಲ್ಲಿನಲ್ಲಿ ಇನ್ನೊಂದು ಅನುಕೂಲವೂ ಇದೆ: ಐಪ್ಟೇಸಿಯಾ ಎಂಬ ಕುಟುಕುವ ಕಡಲಹೂವಿನಂಥ ಪೀಡೆಗಳು, ಮೀನನ್ನು ಹಿಡಿಯುವ ಮ್ಯಾಂಟಿಸ್ ಸಿಗಡಿಗಳು ಅದರೊಡನೆ ಬರುವುದಿಲ್ಲ.

ಪ್ರಮಾಣದ ವಿಷಯದಲ್ಲಿ, ಕಲ್ಲು ಹಗುರವಾಗಿ ರಂಧ್ರಮಯವಾಗಿದ್ದರೆ ಲೀಟರಿಗೆ ಸುಮಾರು 100 ಗ್ರಾಂ ಸಾಕು. ಹಳೆಯ ಲೆಕ್ಕಗಳು ಇದರ ಎರಡು ಪಟ್ಟು ಹೇಳುತ್ತವೆ. ಅಷ್ಟು ತುಂಬಿದರೆ ನೀರು ಓಡಾಡಲು ಜಾಗವಿಲ್ಲದೆ ಹಿಂಬದಿಯಲ್ಲಿ ಕೊಳೆ ಕೂರುತ್ತದೆ.

ತೊಟ್ಟಿಗೆ ಇಳಿಸುವ ಮೊದಲು

ಗಣಿಕಲ್ಲಾಗಲಿ, ಬೇರೊಬ್ಬರ ಹಳೆಯ ತೊಟ್ಟಿಯಿಂದ ಬಂದು ಒಣಗಿದ ಕಲ್ಲಾಗಲಿ, ಅದರ ರಂಧ್ರಗಳೊಳಗೆ ಸತ್ತ ಸ್ಪಂಜು, ಒಣ ಪಾಚಿ ಮೊದಲಾದ ಸಾವಯವ ಕಸ ಉಳಿದಿರುತ್ತದೆ. ನೀರಿಗೆ ಬಿದ್ದೊಡನೆ ಅದು ಕೊಳೆತು ಅಮೋನಿಯಾ ಮತ್ತು ಫಾಸ್ಫೇಟ್ ಬಿಡತೊಡಗುತ್ತದೆ. ಅಮೋನಿಯಾ ಹೇಗೂ ಕರಗಿಹೋಗುತ್ತದೆ, ಫಾಸ್ಫೇಟ್ ಹಾಗಲ್ಲ. ಅದು ಸುಣ್ಣಕಲ್ಲಿಗೆ ಅಂಟಿಕೊಂಡು ತಿಂಗಳುಗಟ್ಟಲೆ ನಿಧಾನವಾಗಿ ಒಸರುತ್ತದೆ, ಆ ಒಸರನ್ನು ಉಂಡು ಕೂದಲು ಪಾಚಿ ಬೆಳೆಯುತ್ತದೆ. ಈ ಕಾರಣದಿಂದ ಶುದ್ಧೀಕರಣಕ್ಕೆ ಕೊಟ್ಟ ಸಮಯ ಎಂದೂ ವ್ಯರ್ಥವಲ್ಲ.

ಮೊದಲು ಗಟ್ಟಿ ಬ್ರಷ್‌ನಿಂದ ಉಜ್ಜಿ, ಹರಿಯುವ ನೀರಿನಲ್ಲಿ ತೊಳೆಯಿರಿ. ಕಸ ಹೆಚ್ಚಿದ್ದರೆ ಪರಿಮಳ ಸೇರದ ಬ್ಲೀಚ್ ದ್ರಾವಣದ ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ ಒಂದೆರಡು ದಿನ ನೆನೆಸಿಡಿ. ಬಳಿಕ ಚೆನ್ನಾಗಿ ತೊಳೆದು, ಕ್ಲೋರಿನ್ ಕಳೆಯುವ ಸೋಡಿಯಂ ಥಯೋಸಲ್ಫೇಟ್ ಬೆರೆಸಿದ ನೀರಿನಲ್ಲಿ ಅದ್ದಿ, ವಾಸನೆ ಪೂರ್ತಿ ಹೋಗುವವರೆಗೆ ಬಿಸಿಲಿನಲ್ಲಿ ಒಣಗಿಸಿ. ಫಾಸ್ಫೇಟ್ ಕಲ್ಲಿಗೇ ಇಂಗಿದ್ದರೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸ್ವಲ್ಪ ಹೊತ್ತು ಇಟ್ಟು ಮೇಲಿನ ತೆಳು ಪದರವನ್ನು ಕರಗಿಸುವ ವಿಧಾನವೂ ಇದೆ. ಇದನ್ನು ಮಾಡುವವರು ಮೂರು ನಿಯಮಗಳನ್ನು ಮೀರಲೇಬಾರದು. ಆಮ್ಲವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಮ್ಲಕ್ಕಲ್ಲ. ಕೈಗವಸು ಮತ್ತು ಕಣ್ಣಿನ ರಕ್ಷಣೆಯೊಡನೆ, ಬಯಲಿನಲ್ಲಿಯೇ ಮಾಡಬೇಕು. ಬ್ಲೀಚ್‌ನ ಅಂಶ ಕಲ್ಲಿನಲ್ಲಿ ಉಳಿದಿರುವಾಗ ಆಮ್ಲವನ್ನು ತಾಕಿಸಲೇಕೂಡದು, ಏಕೆಂದರೆ ಎರಡೂ ಕೂಡಿದರೆ ಪ್ರಾಣಕ್ಕೆ ಎರವಾಗುವ ಕ್ಲೋರಿನ್ ಅನಿಲ ಏಳುತ್ತದೆ. ಶೌಚಾಲಯ ತೊಳೆಯುವ ಆಮ್ಲದಲ್ಲಿ ಬಣ್ಣ ಮತ್ತು ಸಾಬೂನಿನಂಥ ಅಂಶಗಳು ಸೇರಿರುವುದರಿಂದ ಅದು ಈ ಕೆಲಸಕ್ಕೆ ಬರುವುದಿಲ್ಲ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಆಮ್ಲದ ವಿಚಾರವನ್ನೇ ಬಿಟ್ಟು, ಮುಂದೆ ಹೇಳುವ ನಿಧಾನ ಮಾರ್ಗವನ್ನು ಹಿಡಿಯಿರಿ ಎಂದು ನಾನು ಹೇಳುತ್ತೇನೆ.

ನಿಧಾನ ಮಾರ್ಗವೆಂದರೆ ಕ್ಯೂರಿಂಗ್. ಒಂದು ದೊಡ್ಡ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಉಪ್ಪುನೀರು ತುಂಬಿ, ಕಲ್ಲುಗಳನ್ನು ಮುಳುಗಿಸಿ, ಪಂಪ್ ಮತ್ತು ಹೀಟರ್ ಹಾಕಿ, ಬೆಳಕು ಬೀಳದಂತೆ ಮುಚ್ಚಿಡಬೇಕು. ವಾರಕ್ಕೊಮ್ಮೆ ಫಾಸ್ಫೇಟ್ ಅಳೆದು, ಅರ್ಧದಷ್ಟು ನೀರನ್ನು ಬದಲಿಸುತ್ತ ಹೋಗಬೇಕು. ನೀರು ಬದಲಿಸಿ ಒಂದು ವಾರವಾದ ಮೇಲೂ ಫಾಸ್ಫೇಟ್ 0.1 ಪಿಪಿಎಂ (ಪಿಪಿಎಂ ಎಂದರೆ ಹತ್ತು ಲಕ್ಷಕ್ಕೆ ಒಂದು ಪಾಲು) ಆಸುಪಾಸಿನಲ್ಲೇ ನಿಂತರೆ ಕಲ್ಲು ಸಿದ್ಧವಾಗಿದೆ. ಸಿಮೆಂಟಿನಿಂದ ಮಾಡಿದ ಕಲ್ಲಿಗೆ ಬ್ಲೀಚ್ ಬೇಡ, ಆಮ್ಲವೂ ಬೇಡ. ಅದರ ತೊಂದರೆ ಕ್ಷಾರ. ಅದನ್ನು ಸಿಹಿನೀರಿನಲ್ಲಿ ನೆನೆಸಿ, ಎರಡು ಮೂರು ದಿನಕ್ಕೊಮ್ಮೆ ನೀರು ಚೆಲ್ಲುತ್ತ, ಪಿಎಚ್ 8.5ಕ್ಕಿಂತ ಕೆಳಗೆ ಬಂದು ನಿಲ್ಲುವವರೆಗೆ ಕಾಯಿರಿ.

ನೀರು, ಉಪ್ಪು, ಜೋಡಣೆ

ನೀರು ಆರ್‌ಒ ಮತ್ತು ಡಿಐ (ಉಳಿದ ಅಯಾನುಗಳನ್ನು ರೆಸಿನ್ನಿನಿಂದ ತೆಗೆಯುವುದು) ಎರಡೂ ಹಂತ ದಾಟಿ, ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಾದಿಗಳ ಮೊತ್ತ, ಸೊನ್ನೆ ತೋರಿಸಬೇಕು. ಅಡುಗೆಮನೆಯ ಆರ್‌ಒ ಯಂತ್ರಗಳಲ್ಲಿ ರುಚಿಗಾಗಿ ಸ್ವಲ್ಪ ಕಚ್ಚಾ ನೀರನ್ನೇ ಮರಳಿ ಬೆರೆಸುವ ಟಿಡಿಎಸ್ ನಿಯಂತ್ರಕ ಇರುವುದುಂಟು. ಅದನ್ನು ಮುಚ್ಚಿಸಿ, ಕೊನೆಯಲ್ಲಿ ಡಿಐ ರೆಸಿನ್ನಿನ ಕೊಳವೆಯೊಂದನ್ನು ಸೇರಿಸಿಕೊಳ್ಳಿ. ಬೋರ್‌ವೆಲ್ ನೀರಿನಲ್ಲಿ ನೈಟ್ರೇಟ್ ಮತ್ತು ಸಿಲಿಕೇಟ್ ಇರುವುದರಿಂದ ಈ ಹಂತವನ್ನು ಬಿಟ್ಟವರು ಕಂದು ಪಾಚಿಯೊಡನೆ ಬಹಳ ಕಾಲ ಹೆಣಗಬೇಕಾಗುತ್ತದೆ. ಕರಾವಳಿಯ ಓದುಗರಿಗೆ ಸಮುದ್ರದ ನೀರನ್ನೇ ಕೊಡದಲ್ಲಿ ತರುವ ಆಸೆ ಹುಟ್ಟುವುದು ಸಹಜ. ಆದರೆ ದಡದ ನೀರು ಮಳೆಗಾಲದಲ್ಲಿ ನದಿಗಳ ಸಿಹಿನೀರು ಮತ್ತು ಕೆಸರು ಕೂಡಿ ತೆಳುವಾಗುತ್ತದೆ, ಉಳಿದ ಕಾಲದಲ್ಲೂ ಊರಿನ ಕೊಳೆ ಸೇರಿರುತ್ತದೆ. ಹೊಸಬರಿಗೆ ಪುಡಿ ಉಪ್ಪೇ ಸುರಕ್ಷಿತ.

ಅಕ್ವೇರಿಯಂ ಉಪ್ಪು ಲೀಟರಿಗೆ ಸುಮಾರು 36ರಿಂದ 38 ಗ್ರಾಂ ಬೇಕು. ಉಪ್ಪನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ ಸೇರಿಸಿ. ಉಪ್ಪಿನ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳಿ ಪುಡಿಯಾಗಿ ತಳಕ್ಕಿಳಿಯುತ್ತದೆ. ಒಂದು ದಿನ ಪಂಪ್ ಓಡಿಸಿದ ನಂತರ ಲವಣಾಂಶ ಸಾವಿರಕ್ಕೆ 35, ಅಂದರೆ ಸಾಪೇಕ್ಷ ಸಾಂದ್ರತೆ 1.026ರ ಸಮೀಪ ಬರಬೇಕು. ಅಳೆಯುವ ರಿಫ್ರಾಕ್ಟೋಮೀಟರನ್ನು ಶುದ್ಧ ನೀರಿನಿಂದಲ್ಲ, 35ರ ಪ್ರಮಾಣಿತ ದ್ರಾವಣದಿಂದ ಸರಿಹೊಂದಿಸಿಕೊಳ್ಳಿ. ತೊಟ್ಟಿಗೆ ಒಟ್ಟು ಎಷ್ಟು ಲೀಟರ್ ನೀರು ಹಾಕಿದಿರಿ ಎಂಬುದನ್ನು ಬರೆದಿಡಿ, ಮುಂದಿನ ಲೆಕ್ಕಗಳೆಲ್ಲ ಅದರ ಮೇಲೆ ನಿಲ್ಲುತ್ತವೆ. 200 ಲೀಟರಿನ ತೊಟ್ಟಿಯಲ್ಲಿ ಕಲ್ಲು, ಮರಳು, ಮೇಲಿನ ಖಾಲಿ ಜಾಗ ಕಳೆದರೆ 180 ಲೀಟರ್ ನೀರು ಹಿಡಿಯುವುದೂ ಕಷ್ಟ.

ಕಲ್ಲುಗಳನ್ನು ಮರಳಿನ ಮೇಲಲ್ಲ, ತೊಟ್ಟಿಯ ತಳದ ಮೇಲೆಯೇ ಕೂರಿಸಿ, ಅನಂತರ ಮರಳು ಹರಡಬೇಕು. ಇಲ್ಲವಾದರೆ ಮರಳು ಕೆದರುವ ಮೀನು ಒಂದು ದಿನ ಇಡೀ ಗೋಪುರವನ್ನೇ ಉರುಳಿಸೀತು. ಒಣಗಿರುವಾಗಲೇ ಜೋಡಿಸಿ, ಎಪಾಕ್ಸಿ ಅಥವಾ ಸೂಪರ್ ಗ್ಲೂ ಜೆಲ್‌ನಿಂದ ಅಂಟಿಸಿ, ಗಾಜಿನಿಂದ ಕೈ ಹೋಗುವಷ್ಟು ಅಂತರ ಬಿಡಿ.

ಅಮೋನಿಯಾ ಉಣಿಸಿ, ಹೆಪ್ಪು ಹಾಕುವುದು

ಇಲ್ಲಿಂದ ಸೈಕಲ್ ಆರಂಭ. ಮೀನಿನ ಉಸಿರು ಮತ್ತು ಮಲದಿಂದ, ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಒಂದು ಬಳಗದ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಳಗ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲನೆಯ ಬಳಗದಲ್ಲಿ ಬ್ಯಾಕ್ಟೀರಿಯಾಗಳಷ್ಟೇ ಅಲ್ಲ, ಆರ್ಕಿಯಾ ಎಂಬ ಬೇರೆಯೇ ಕುಲದ ಜೀವಿಗಳೂ ಇವೆ. ಇಂದು ಜಗತ್ತಿನ ಸಾಗರಗಳ ತುಂಬ ಕಾಣುವ ಆ ಕುಲದ ನೈಟ್ರೋಸೊಪುಮಿಲಸ್ ಮ್ಯಾರಿಟಿಮಸ್ ಎಂಬ ಜೀವಿಯನ್ನು ಮೊದಲ ಬಾರಿಗೆ ಬೇರ್ಪಡಿಸಿ ಬೆಳೆಸಿದ್ದು ಅಮೆರಿಕದ ಸಿಯಾಟಲ್ ಅಕ್ವೇರಿಯಂನ ತೊಟ್ಟಿಯೊಂದರಿಂದ. ಆ ಸಂಶೋಧನೆ 2005ರಲ್ಲಿ ಪ್ರಕಟವಾಯಿತು. ಗಾಜಿನ ತೊಟ್ಟಿಯೊಂದು ಸಾಗರದ ಗುಟ್ಟನ್ನು ಬಿಚ್ಚಿಟ್ಟ ಆ ಸಂಗತಿ ನಮ್ಮ ಹವ್ಯಾಸಕ್ಕೆ ಒಂದು ಗೌರವವೆಂದೇ ನಾನು ಭಾವಿಸುತ್ತೇನೆ.

ಈ ಎರಡೂ ಬಳಗಗಳು ನಿಧಾನಿಗಳು. ಸಾಮಾನ್ಯ ಬ್ಯಾಕ್ಟೀರಿಯಾ ಅರ್ಧ ಗಂಟೆಯೊಳಗೆ ಇಮ್ಮಡಿಯಾಗಬಲ್ಲದಾದರೆ, ಇವಕ್ಕೆ ಅನುಕೂಲವಾದ ನೀರಿನಲ್ಲೂ ಅರ್ಧ ದಿನದಿಂದ ಒಂದು ದಿನ ಬೇಕು. ಹಾಲು ತಾನಾಗಿ ಮೊಸರಾಗಲೆಂದು ಯಾರೂ ಕಾಯುವುದಿಲ್ಲ, ಹೆಪ್ಪು ಹಾಕುತ್ತಾರೆ. ಇಲ್ಲಿಯೂ ಹೆಪ್ಪು ಬೇಕು. ಬಾಟಲಿಯಲ್ಲಿ ಸಿಗುವ ನೈಟ್ರೀಕರಣ ಬ್ಯಾಕ್ಟೀರಿಯಾ ಒಂದು ಹೆಪ್ಪು. ಆದರೆ ಬಾಟಲಿಯ ಮೇಲೆ ಉಪ್ಪುನೀರಿನದೆಂದು ಸ್ಪಷ್ಟವಾಗಿ ಬರೆದಿರಬೇಕು, ಅವಧಿ ಮೀರಿರಬಾರದು, ಬೇಸಿಗೆಯ ಬಿಸಿ ಗೋದಾಮಿನಲ್ಲಿ ಕುಳಿತಿರಬಾರದು. ಇವು ಬೀಜಕಣ ಕಟ್ಟಿ ಬದುಕುವ ಜೀವಿಗಳಲ್ಲವಾದ್ದರಿಂದ ಸುಡುವ ಲಾರಿಯಲ್ಲಿ ಬಂದ ಬಾಟಲಿಯಲ್ಲಿ ಜೀವ ಉಳಿದಿರುವುದು ಸಂಶಯ. ಎರಡನೆಯ ಹೆಪ್ಪು, ನಂಬಿಕೆಯ ಹವ್ಯಾಸಿಯೊಬ್ಬರ ಹಳೆಯ ತೊಟ್ಟಿಯಿಂದ ತಂದ ಒಂದು ಹಿಡಿ ಒದ್ದೆ ಮರಳು ಅಥವಾ ಅಂಗೈಯಗಲದ ಕಲ್ಲಿನ ತುಂಡು. ಪೀಡೆಗಳು ಬರುವ ಅಪಾಯ ಅದರಲ್ಲಿ ಇದ್ದೇ ಇದೆ. ಆದರೂ ಬಾಟಲಿ ಕೊಡಲಾರದ ವೈವಿಧ್ಯವನ್ನು ಅದು ತರುವುದರಿಂದ, ಚೆನ್ನಾಗಿ ಪರೀಕ್ಷಿಸಿ ತರುವುದಾದರೆ ಎರಡನ್ನೂ ಒಟ್ಟಿಗೆ ಬಳಸಿರೆಂದು ಸಲಹೆ ಕೊಡುತ್ತೇನೆ.

ಅಮೋನಿಯಾದ ಮೂಲವಾಗಿ ಹಸಿ ಸಿಗಡಿಯೊಂದನ್ನು ತೊಟ್ಟಿಯಲ್ಲಿ ಕೊಳೆಯಲು ಬಿಡುವ ಹಳೆಯ ಪದ್ಧತಿ ಇದೆ. ಅದರಿಂದ ಎಷ್ಟು ಅಮೋನಿಯಾ ಬರುವುದೆಂಬ ಲೆಕ್ಕ ಸಿಗುವುದಿಲ್ಲ, ಜೊತೆಗೆ ನಾವು ಕಷ್ಟಪಟ್ಟು ಕಳೆದ ಫಾಸ್ಫೇಟ್ ಮರಳಿ ಸೇರುತ್ತದೆ. ಜೀವಂತ ಮೀನನ್ನೇ ಬಿಟ್ಟು ಸೈಕಲ್ ಮಾಡುವುದಂತೂ ಆ ಮೀನಿಗೆ ಮಾಡುವ ಹಿಂಸೆ. ಸಮುದ್ರದ ನೀರಿನ ಪಿಎಚ್ 8.2ರಲ್ಲಿ, ಪಿಎಚ್ 7ರ ಸಿಹಿನೀರಿಗೆ ಹೋಲಿಸಿದರೆ, ಅಮೋನಿಯಾದ ಸುಮಾರು ಹತ್ತು ಪಟ್ಟು ಪಾಲು ಕಿವಿರುಗಳನ್ನು ಸುಡುವ ರೂಪದಲ್ಲಿರುತ್ತದೆ.

ಇವೆರಡಕ್ಕಿಂತ ಉತ್ತಮವಾದದ್ದು ಅಮೋನಿಯಂ ಕ್ಲೋರೈಡ್. ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರವೂ ಇದೇ ವಸ್ತು, ಆದರೆ ಅದರಲ್ಲಿ ಲೋಹದ ಕಲ್ಮಶವಿರಬಹುದಾದ್ದರಿಂದ ಪ್ರಯೋಗಾಲಯ ದರ್ಜೆಯದನ್ನೇ ಕೊಳ್ಳಿ. 31.4 ಗ್ರಾಂ ಪುಡಿಯನ್ನು ಆರ್‌ಒ ನೀರಿನಲ್ಲಿ ಕರಗಿಸಿ ಒಟ್ಟು ಒಂದು ಲೀಟರ್ ಮಾಡಿಟ್ಟುಕೊಂಡರೆ, ತೊಟ್ಟಿಯ ಪ್ರತಿ 5 ಲೀಟರ್ ನೀರಿಗೆ ಈ ದ್ರಾವಣದ 1 ಮಿಲಿಲೀಟರ್ ಹಾಕಿದಾಗ ಅಮೋನಿಯಾ 2 ಪಿಪಿಎಂ ಆಗುತ್ತದೆ. 180 ಲೀಟರಿಗೆ 36 ಮಿಲಿಲೀಟರ್. ಕೆಲವು ಟೆಸ್ಟ್ ಕಿಟ್‌ಗಳು ಅಮೋನಿಯಾವನ್ನಲ್ಲ, ಅದರಲ್ಲಿನ ನೈಟ್ರೋಜನ್ನನ್ನು ತೋರಿಸುತ್ತವೆ. ಅವುಗಳಲ್ಲಿ ಇದೇ ಪ್ರಮಾಣ ಸುಮಾರು 1.6 ಎಂದು ಕಾಣುತ್ತದೆ, ಗಾಬರಿ ಬೇಡ. 2ಕ್ಕಿಂತ ಹೆಚ್ಚು ಹಾಕಿದರೆ ಬೇಗ ಮುಗಿಯುತ್ತದೆಂದು ತಿಳಿಯಬೇಡಿ. 5 ಪಿಪಿಎಂ ದಾಟಿದರೆ ನಾವು ಬೆಳೆಸಬೇಕೆಂದಿರುವ ಜೀವಿಗಳೇ ಕುಂಠಿತವಾಗುತ್ತವೆ.

ಮೊದಲ ಡೋಸ್ ಹಾಕಿ, ಅಂದೇ ಬ್ಯಾಕ್ಟೀರಿಯಾ ಬಾಟಲಿಯನ್ನು ಚೆನ್ನಾಗಿ ಕುಲುಕಿ ಸುರಿಯಿರಿ. ಯುವಿ ದೀಪವನ್ನು ಸೈಕಲ್ ಮುಗಿಯುವವರೆಗೆ, ನೊರೆ ಎಬ್ಬಿಸಿ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರನ್ನು ಕನಿಷ್ಠ ಒಂದು ವಾರ ನಿಲ್ಲಿಸಿಡಿ. ತೊಟ್ಟಿಯ ದೀಪವೂ ಆರಿರಲಿ. ಈ ಜೀವಿಗಳಿಗೆ ಬೆಳಕು ಬೇಡ, ಬೆಳಕು ಬೇಕಾಗಿರುವುದು ಪಾಚಿಗೆ. ಉಷ್ಣಾಂಶ 26ರಿಂದ 28 ಡಿಗ್ರಿ ಸೆಲ್ಸಿಯಸ್ ಇರಲಿ. ಬೆಂಗಳೂರಿನ ಡಿಸೆಂಬರ್ ರಾತ್ರಿಗಳಲ್ಲಿ ಹೀಟರ್ ಇಲ್ಲದೆ ಇದು ಸಾಧ್ಯವಿಲ್ಲ. ಮಂಗಳೂರಿನ ಬೇಸಿಗೆಯಲ್ಲಿ ತೊಂದರೆ ಇದಕ್ಕೆ ವಿರುದ್ಧ, ಗಾಳಿಯ ತೇವದಿಂದಾಗಿ ಫ್ಯಾನ್ ಹೆಚ್ಚು ತಂಪು ಮಾಡಲಾರದು. ಅಲೆ ಎಬ್ಬಿಸುವ ಪಂಪ್ ಹಗಲಿರುಳು ಓಡಬೇಕು, ಏಕೆಂದರೆ ನೈಟ್ರೀಕರಣಕ್ಕೆ ಆಮ್ಲಜನಕ ಬಹಳ ಬೇಕು. ಕರೆಂಟ್ ಹೋಗುವ ಊರಿನವರು ಒಂದು ಪಂಪನ್ನಾದರೂ ಯುಪಿಎಸ್‌ಗೆ ಜೋಡಿಸಿಕೊಳ್ಳಿ. ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಆದ್ದರಿಂದ ಕಡಿಮೆಯಾದಷ್ಟನ್ನು ಸಿಹಿ ಆರ್‌ಒ ನೀರಿನಿಂದಲೇ ತುಂಬಿ.

ಕಾಯುವ ದಿನಗಳು ಮತ್ತು ಅಳತೆಗಳು

ಎರಡು ದಿನಕ್ಕೊಮ್ಮೆ ಅಮೋನಿಯಾ ಮತ್ತು ನೈಟ್ರೈಟ್ ಅಳೆದು ಪುಸ್ತಕದಲ್ಲಿ ಬರೆಯಿರಿ. ಅಮೋನಿಯಾ 0.5ಕ್ಕಿಂತ ಕೆಳಗಿಳಿದಾಗ ಮತ್ತೊಮ್ಮೆ 2 ಪಿಪಿಎಂಗೆ ಏರಿಸಿ. ಮೊದಲ ಡೋಸ್ ಕರಗಲು ಒಂದು ವಾರ ಹಿಡಿದರೆ ಎರಡನೆಯದು ಮೂರು ದಿನದಲ್ಲಿ ಕರಗಬಹುದು. ಈ ನಡುವೆ ನೈಟ್ರೈಟ್ ಏರಿ, ಕಿಟ್ಟಿನ ಬಣ್ಣ ಕಡುನೇರಳೆಗೆ ತಿರುಗಿ, ಅಲ್ಲಿಯೇ ಬಹುಕಾಲ ನಿಲ್ಲುತ್ತದೆ. ಅತಿ ಹೆಚ್ಚು ಜನ ಧೈರ್ಯ ಕಳೆದುಕೊಳ್ಳುವುದು ಇಲ್ಲಿಯೇ. ಎರಡನೆಯ ಬಳಗ ಮೊದಲನೆಯದಕ್ಕಿಂತ ತಡವಾಗಿ ಬೆಳೆಯುವುದು ಸಹಜ. ಆ ದಿನಗಳಲ್ಲಿ ಅಮೋನಿಯಾ ಡೋಸನ್ನು 1 ಪಿಪಿಎಂಗೆ ಇಳಿಸಿ ಕಾಯಿರಿ. ಸಮುದ್ರದ ನೀರಿನಲ್ಲಿ ಕ್ಲೋರೈಡ್ ಅಪಾರವಾಗಿರುವುದರಿಂದ ಅದು ಕಿವಿರಿನಲ್ಲಿ ನೈಟ್ರೈಟ್‌ಗೆ ಎಡೆ ಕೊಡುವುದಿಲ್ಲ. ಸಿಹಿನೀರಿನ ಮೀನಿಗೆ ನೈಟ್ರೈಟ್ ಮಾಡುವಷ್ಟು ಕೆಡುಕು ಇಲ್ಲಿ ಆಗುವುದಿಲ್ಲ.

ನೈಟ್ರೈಟ್ ಇರುವಾಗ ನೈಟ್ರೇಟ್ ಅಳೆಯುವುದರಲ್ಲಿ ಅರ್ಥವಿಲ್ಲ. ಹವ್ಯಾಸಿ ಕಿಟ್‌ಗಳು ನೈಟ್ರೇಟನ್ನು ಮೊದಲು ನೈಟ್ರೈಟ್ ಆಗಿ ಬದಲಿಸಿ ಬಣ್ಣ ತೋರಿಸುವುದರಿಂದ, ನೀರಿನಲ್ಲಿ ಮೊದಲೇ ಇದ್ದ ನೈಟ್ರೈಟ್ ಫಲಿತಾಂಶವನ್ನು ಬಹಳವಾಗಿ ಉಬ್ಬಿಸುತ್ತದೆ. ಲೆಕ್ಕದಿಂದಲೇ ತಿಳಿಯಬಹುದು: 2 ಪಿಪಿಎಂನ ಪ್ರತಿ ಡೋಸ್ ಕೊನೆಗೆ ಸುಮಾರು 7.3 ಪಿಪಿಎಂ ನೈಟ್ರೇಟ್ ಆಗುತ್ತದೆ. ಅಮೋನಿಯಾ ಕಿಟ್ 0.25ರ ಮಂಕು ಹಸಿರಿನಲ್ಲೇ ನಿಂತರೆ, ಹೊಸದಾಗಿ ಕಲಸಿದ ಉಪ್ಪುನೀರನ್ನೂ ಅದೇ ಕಿಟ್ಟಿನಲ್ಲಿ ಅಳೆದು ಪಕ್ಕದಲ್ಲಿಟ್ಟು ನೋಡಿ. ಎರಡೂ ಒಂದೇ ಬಣ್ಣವಾದರೆ ಅದು ಕಿಟ್ಟಿನ ದೋಷ.

ಎರಡು ವಾರವಾದರೂ ಅಮೋನಿಯಾ ಒಂದಿಷ್ಟೂ ಇಳಿಯದಿದ್ದರೆ ಬಾಟಲಿಯಲ್ಲಿ ಜೀವವಿರಲಿಲ್ಲವೆಂದೇ ತಿಳಿದು ಇನ್ನೊಂದನ್ನು ತನ್ನಿ. ಇಳಿಯುತ್ತಿದ್ದದ್ದು ನಡುವೆ ನಿಂತರೆ ಕ್ಷಾರತೆ ಅಳೆಯಿರಿ. ನೈಟ್ರೀಕರಣ ಕ್ಷಾರತೆಯನ್ನು ತಿನ್ನುತ್ತದೆ, 2 ಪಿಪಿಎಂನ ಒಂದು ಡೋಸಿಗೆ ಸುಮಾರು 0.7 ಡಿಕೆಎಚ್ (ಕ್ಷಾರತೆಯ ಅಳತೆಮಾನ) ಕುಸಿಯುತ್ತದೆ. ಐದಾರು ಡೋಸ್ ಆದ ಮೇಲೆ 8ರಲ್ಲಿದ್ದದ್ದು 4ಕ್ಕೆ ಬಂದಿರಬಹುದು. ಅಡುಗೆ ಸೋಡಾವನ್ನು ಕರಗಿಸಿ ದಿನಕ್ಕೆ 1 ಡಿಕೆಎಚ್ ಮೀರದಂತೆ ಏರಿಸಿದರೆ ಕೆಲಸ ಮತ್ತೆ ಸಾಗುತ್ತದೆ.

ಹಾಕಿದ 2 ಪಿಪಿಎಂ ಅಮೋನಿಯಾ 24 ಗಂಟೆಗಳೊಳಗೆ ಸೊನ್ನೆಯಾಗಿ, ನೈಟ್ರೈಟ್ ಕೂಡ ಸೊನ್ನೆ ತೋರಿಸಿದರೆ ಸೈಕಲ್ ಆಯಿತು. ಒಂದು ದಿನದ ಫಲಿತಾಂಶವನ್ನು ನಂಬದೆ, ಎರಡು ದಿನ ಬಿಟ್ಟು ಮತ್ತೊಮ್ಮೆ ಪರೀಕ್ಷಿಸಿ. ಬಳಿಕ ನೈಟ್ರೇಟ್ ಅಳೆದು, 10 ಪಿಪಿಎಂ ಆಸುಪಾಸಿಗೆ ಬರುವಷ್ಟು ನೀರು ಬದಲಿಸಿ. 40 ಇದ್ದರೆ ಅರ್ಧ ನೀರನ್ನು ಎರಡು ಸಲ. ಮೀನು ಬರುವುದು ತಡವಾದರೆ ಮೂರು ನಾಲ್ಕು ದಿನಕ್ಕೊಮ್ಮೆ 1 ಪಿಪಿಎಂ ಅಮೋನಿಯಾ ಕೊಡುತ್ತಿರಿ.

ಮೊದಲ ಮೀನಾಗಿ ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಕ್ಲೌನ್‌ಫಿಶ್ ಜೋಡಿ ಸೂಕ್ತ. ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಇವುಗಳ ಸಂತಾನಾಭಿವೃದ್ಧಿ ವಿಧಾನವನ್ನು ರೂಪಿಸಿದೆ, ಆದ್ದರಿಂದ ಸಮುದ್ರದಿಂದ ಹಿಡಿದ ಮೀನನ್ನೇ ಕೊಳ್ಳಬೇಕಾದ ಕಾರಣವಿಲ್ಲ. ಬೇರೆ ತೊಟ್ಟಿಯಲ್ಲಿ ನಾಲ್ಕು ವಾರ ಪ್ರತ್ಯೇಕವಾಗಿಟ್ಟು, ಬಿಳಿ ಚುಕ್ಕಿ ರೋಗವಿಲ್ಲವೆಂದು ಖಚಿತವಾದ ಮೇಲೆ ತನ್ನಿ. ಮುಂದಿನ ಮೀನು ಮೂರು ನಾಲ್ಕು ವಾರದ ನಂತರ.

ಕಲ್ಲು ಪಳಗುವ ತಿಂಗಳುಗಳು

ಬಿಳಿ ಕಲ್ಲಿನ ಮೇಲೆ ಇನ್ನೂ ಯಾರದೂ ಹಕ್ಕು ಸ್ಥಾಪನೆಯಾಗಿಲ್ಲ. ಬೆಳಕು ಬಿದ್ದೊಡನೆ ಮೊದಲು ಬರುವುದು ಡಯಾಟಮ್‌ನ ಕಂದು ಧೂಳು. ಸಿಲಿಕೇಟ್ ಮುಗಿದಂತೆ ಅದು ತಾನಾಗಿ ಹೋಗುತ್ತದೆ. ಆಮೇಲೆ ಹಸಿರು ಪಾಚಿ. ಇದನ್ನು ಕೈಯಿಂದ ಕೀಳುತ್ತ, ಟ್ರೋಕಸ್‌ನಂಥ ಪಾಚಿ ಮೇಯುವ ಬಸವನಹುಳುಗಳನ್ನು ಬಿಡುತ್ತ ನಿಭಾಯಿಸಬಹುದು. ನಾನು ನಿಜವಾಗಿ ಅಂಜುವುದು ಡೈನೋಫ್ಲಾಜಲೇಟ್‌ಗಳಿಗೆ. ಗಾಳಿಗುಳ್ಳೆ ಹಿಡಿದ ಕಂದು ಲೋಳೆಯಾಗಿ ಅವು ಹಬ್ಬುತ್ತವೆ, ಕೆಲವು ಜಾತಿಗಳು ಮೇಯುವ ಹುಳುಗಳನ್ನೇ ಕೊಲ್ಲುವ ವಿಷ ಹೊಂದಿವೆ. ಪಾಚಿಗೆ ಹೆದರಿ ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಸೊನ್ನೆಗೆ ಇಳಿಸಿದ ಒಣಕಲ್ಲಿನ ತೊಟ್ಟಿಗಳಲ್ಲೇ ಇವುಗಳ ಹಾವಳಿ ಹೆಚ್ಚು, ಏಕೆಂದರೆ ಎದುರಾಳಿಗಳೆಲ್ಲ ಹಸಿದು ಸತ್ತ ನೆಲ ಇವಕ್ಕೆ ದೊರೆಯುತ್ತದೆ. ಆದ್ದರಿಂದ ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಉಳಿಯಲಿ. ಇವು ಕಲ್ಮಶವಲ್ಲ, ಕಲ್ಲಿನ ಮೇಲೆ ನೆಲೆಸಬೇಕಾದವರ ಊಟ.

ದೀಪವನ್ನು ದಿನಕ್ಕೆ ನಾಲ್ಕು ಗಂಟೆ, ಕಡಿಮೆ ತೀವ್ರತೆಯಿಂದ ಆರಂಭಿಸಿ, ವಾರಕ್ಕೆ ಅರ್ಧ ಗಂಟೆಯಂತೆ ಏರಿಸಿ. ಮೀನು ಬಂದ ಒಂದೆರಡು ವಾರದಲ್ಲಿ ಕಣ್ಣಿಗೆ ಕಷ್ಟದಿಂದ ಕಾಣುವ ಸಣ್ಣ ಕವಚಜೀವಿಗಳಾದ ಕೋಪೆಪಾಡ್‌ಗಳನ್ನು, ಸಾಧ್ಯವಾದರೆ ಹಳೆಯ ತೊಟ್ಟಿಯ ಕೊರಲೈನ್ ಪಾಚಿಯ (ಕಲ್ಲಿಗೆ ಅಂಟಿ ಬೆಳೆಯುವ ಸುಣ್ಣದ ಪಾಚಿ) ಕೆರೆಪುಡಿಯನ್ನು ದೀಪ ಆರಿದ ಮೇಲೆ ಸೇರಿಸಿ. ಮೆದು ಹವಳಗಳನ್ನು ಮೂರನೆಯ ತಿಂಗಳ ನಂತರ ಒಂದೊಂದಾಗಿ ಪ್ರಯತ್ನಿಸಬಹುದು, ಅವೂ ಅನುಮತಿಯುಳ್ಳ ಮೂಲದಿಂದ ಬಂದು, ತೊಟ್ಟಿಯಲ್ಲೇ ಬೆಳೆಸಿದ ತುಂಡುಗಳಾಗಿದ್ದರೆ.

ಒಂದು ದಿನ ಪಂಪಿನ ಅಂಚಿನಲ್ಲೋ ಕಲ್ಲಿನ ನೆರಳು ಬದಿಯಲ್ಲೋ ಉಗುರಿನಷ್ಟಗಲದ ಗುಲಾಬಿ-ನೇರಳೆ ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ಅದು ಕೊರಲೈನ್ ಪಾಚಿ. ತನ್ನ ಮೈಗೆ ಬೇಕಾದ ಸುಣ್ಣವನ್ನು ಅದು ನೀರಿನಿಂದಲೇ ಹೀರುತ್ತದೆ. ಅಲ್ಲಿಯವರೆಗೆ ಸುಮ್ಮನಿದ್ದ ಕ್ಷಾರತೆ ಮತ್ತು ಕ್ಯಾಲ್ಸಿಯಂ ಇನ್ನು ಮೆಲ್ಲಗೆ ಇಳಿಯತೊಡಗುತ್ತವೆ. ಆ ವಾರದಿಂದ ಅಮೋನಿಯಾ ಕಿಟ್ಟನ್ನು ಪೆಟ್ಟಿಗೆಗೆ ಸೇರಿಸಿ, ಅದರ ಜಾಗದಲ್ಲಿ ಕ್ಷಾರತೆಯ ಕಿಟ್ಟನ್ನು ತೊಟ್ಟಿಯ ಪಕ್ಕ ಇಟ್ಟುಕೊಳ್ಳಿ.